ಇಲ್ಲದ ಅಜ್ಜನ ಮೂಗು

ನಮ್ಮ ಬೀದಿಯ ಕೊನೆಯ ಮನೆ ಮುಂದೆ ಒಂದು ಪುಟ್ಟ ಕಾರು ನಿಂತಿರುತ್ತದೆ. ತಿಳಿ ನೀಲಿಗೆ ಒಂದು ಹನಿ ಹಸಿರು ಬೆರೆಸಿದಂಥ ಬಣ್ಣ. ಮೇಲೆ ಹಾಲಿನ ಕೆನೆ ಬಣ್ಣದ ಟಾಪು. ಎರಡು ದುಂಡು ದೀಪ, ನಡುವೆ ಹೊಳೆಯುವ ಜಾಲರಿ, ಆಟದ ಸಾಮಾನಿನಂಥ ಟಯರು. ಇಂಗ್ಲೆಂಡಿನ ರೆಡಿಂಗ್ ಊರಿಗೆ ಬಂದ ಮೊದಲ ಚಳಿಗಾಲದಲ್ಲಿ, ಬಸ್ ಸ್ಟಾಪಿಗೆ ಹೋಗುವಾಗ, ಅದನ್ನು ನೋಡಿ ನಿಂತುಬಿಟ್ಟೆ. ಬಸ್ಸು ಹೋಯಿತು.

1955ರದ್ದೋ 60ರದ್ದೋ ಇರಬೇಕು ಅಂದುಕೊಂಡೆ. ಇಟಲಿಯದ್ದು, ಇಲ್ಲಾ ಫ್ರಾನ್ಸಿನದ್ದು. ಆ ಮನೆಯವರು ಎಪ್ಪತ್ತು ದಾಟಿದ ರಿಟೈರ್ಡ್ ಟೀಚರ್. ಕಸದ ಡಬ್ಬಿ ಎಳೆದುಕೊಂಡು ಆಚೆ ಬಂದವರು ನನ್ನ ಮುಖ ನೋಡಿ ನಕ್ಕರು.

"ಎಲ್ಲರೂ ಹಾಗೇ ಅಂದುಕೊಳ್ಳೋದು. ಇದು 1991ರದ್ದು. ಜಪಾನಿನ ನಿಸಾನ್."

ನಾನು ಹುಟ್ಟಿದ್ದು 1984ರಲ್ಲಿ. ಅಂದರೆ ಈ ಮುದುಕ ನನಗಿಂತ ಏಳು ವರ್ಷ ಚಿಕ್ಕವನು.

ಕಾರಿನ ಹೆಸರು ಫಿಗರೋ. ಅವತ್ತಿನಿಂದ ಆ ಟೀಚರಿಗೆ ನಾನು ಮನಸ್ಸಲ್ಲೇ ಇಟ್ಟ ಹೆಸರು ಫಿಗರೋ ಅಜ್ಜಿ. ಎದುರಿಗೆ ಹಾಗೆ ಕರೆಯುವ ಧೈರ್ಯ ಇಲ್ಲ, ಇಲ್ಲಿನವರಿಗೆ ಅಜ್ಜಿ ಅಂದರೆ ಕೋಪ ಬರಬಹುದು.

ವಿಚಿತ್ರ ಏನೆಂದರೆ, ಆ ಕಾರನ್ನು ನೋಡಿದಾಗ ನನಗೆ ಆಗಿದ್ದು ಬರೀ ಆಶ್ಚರ್ಯ ಅಲ್ಲ. ಬಹಳ ದಿನದ ಮೇಲೆ ಯಾರೋ ನೆಂಟರು ಸಿಕ್ಕಿದ ಹಾಗಾಯಿತು. ಆದರೆ ಯಾವ ನೆಂಟರು? ನಮ್ಮ ಮನೆಯಲ್ಲಿ ಕಾರೇ ಇರಲಿಲ್ಲ. ಮೈಸೂರಿನಲ್ಲಿ ಅಪ್ಪನ ಹತ್ತಿರ ಇದ್ದದ್ದು ಯೆಜ್ಡಿ ಬೈಕು. ಪಕ್ಕದ ಮನೆಯವರದ್ದು ಪದ್ಮಿನಿ, ಮಾವನ ಹತ್ತಿರ ಮಾರುತಿ 800. ಇವುಗಳಲ್ಲಿ ಯಾವುದೂ ಫಿಗರೋ ಥರ ಇಲ್ಲ. ಇನ್ನೂ ವಿಚಿತ್ರ ಅಂದರೆ, ನಿಸಾನಿನ ಹಳೇ ಕಾರುಗಳ ಫೋಟೋ ಹುಡುಕಿದರೂ ಇಂಥದ್ದೊಂದು ಸಿಗುವುದಿಲ್ಲ. ನಮ್ಮಲ್ಲಿ ಮಗು ಹುಟ್ಟಿದ ಕೂಡಲೇ ಯಾರಾದರೂ ಬಗ್ಗಿ ನೋಡಿ "ಥೇಟ್ ಅಜ್ಜನ ಮೂಗು" ಅಂತಾರಲ್ಲ, ಹಾಗೆ ಈ ಕಾರಿಗೂ ಒಂದು ಅಜ್ಜನ ಮೂಗಿದೆ. ಅಜ್ಜ ಮಾತ್ರ ಇಲ್ಲ. ಯಾವತ್ತೂ ಇರಲಿಲ್ಲ.

ಆಮೇಲೆ ಹಲವು ತಿಂಗಳು, ರಾತ್ರಿ ಊಟ ಆದಮೇಲೆ, ಇದರ ಹಿಂದೆ ಬಿದ್ದೆ.

ಕಥೆ ಶುರುವಾಗುವುದು ಮಾರ್ಚ್‌ನಿಂದ. ತಿಂಗಳಲ್ಲ, ಕಾರಿನ ಹೆಸರೇ ಮಾರ್ಚ್. 1982ರಲ್ಲಿ ನಿಸಾನ್ ಜಪಾನಿನಲ್ಲಿ ಬಿಟ್ಟ ಸಣ್ಣ ಕಾರು. ಯುರೋಪಿನಲ್ಲಿ ಅದಕ್ಕೆ ಮೈಕ್ರಾ ಅಂತ ಹೆಸರು. ಇದೇ ವಂಶದ ಮುಂದಿನ ಒಂದು ತಲೆಮಾರಿನ ಮೈಕ್ರಾ 2010ರಿಂದ ಚೆನ್ನೈ ಹತ್ತಿರ ತಯಾರಾಗಿ ಬೆಂಗಳೂರಿನ ಟ್ರಾಫಿಕ್ಕಿನಲ್ಲೂ ನಿಂತಿದೆ. ಮೊದಲ ಮಾರ್ಚ್ ಚೌಕ ಮೈಯ, ಒಳ್ಳೇ ನಡತೆಯ ಕಾರು. 987 ಸಿಸಿ ಎಂಜಿನ್. ಮೂರನೇ ಬೆಂಚಿನಲ್ಲಿ ಕೂತು, ಪ್ರತಿ ವರ್ಷ ಪಾಸಾಗಿ, ಮೇಷ್ಟ್ರಿಗೆ ಹೆಸರೂ ನೆನಪಿರದ ಹುಡುಗನ ಹಾಗೆ.

ಎಂಬತ್ತರ ದಶಕದಲ್ಲಿ ಎಲ್ಲ ಕಂಪನಿಗಳೂ ಒಂದೇ ದಿಕ್ಕಿಗೆ ಓಡುತ್ತಿದ್ದವು. ಗಾಳಿ ಸೀಳುವ ಮೈ, ಚೂಪು ಮೂಗು, ಡಿಜಿಟಲ್ ಮೀಟರು, ಮಾತಾಡುವ ಡ್ಯಾಶ್‌ಬೋರ್ಡು. ಮುಂದಿನ ಸಣ್ಣ ಕಾರು ಹೇಗಿರಬೇಕು ಅಂತ ಯೋಚಿಸುವಾಗ ನಿಸಾನ್ ತನ್ನ ಡಿಸೈನರುಗಳ ಜೊತೆ ಹೊರಗಿನವರನ್ನೂ ಕೂರಿಸಿಕೊಂಡಿತು. ಅವರಲ್ಲಿ ಒಬ್ಬರು ನವೊಕಿ ಸಕಾಯ್. ಕ್ಯೋಟೋದಲ್ಲಿ ಹುಟ್ಟಿದವರು. ಅಮೆರಿಕಕ್ಕೆ ಹೋಗಿ, ಹಚ್ಚೆಯಂಥ ಚಿತ್ರ ಅಚ್ಚು ಹಾಕಿದ ಟೀ ಶರ್ಟು ಮಾರಿ, ವಾಪಸ್ಸು ಬಂದು ಟೋಕಿಯೋದಲ್ಲಿ ವಾಟರ್ ಸ್ಟುಡಿಯೋ ಅಂತ ಶುರು ಮಾಡಿದವರು. ಬಟ್ಟೆ ಲೋಕದ ಮನುಷ್ಯ. ಕಾರಿನ ಲೋಕದವರಲ್ಲ.

ಇದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಕಾರಿನವರು ಕಾರನ್ನು ನೋಡುವುದು ಹೋದ ವರ್ಷದ ಕಾರಿನ ಪಕ್ಕ ಇಟ್ಟು. ಬಟ್ಟೆಯವರು ಹಾಗಲ್ಲ. ಹತ್ತು ವರ್ಷ ಹಿಂದಿನ ಕಾಲರು, ನಲವತ್ತು ವರ್ಷ ಹಿಂದಿನ ಗುಂಡಿ, ಇವತ್ತಿನ ಬಟ್ಟೆ, ಮೂರನ್ನೂ ಸೇರಿಸಿ ಹೊಲಿಯುವುದು ಅವರಿಗೆ ದಿನನಿತ್ಯದ ಕೆಲಸ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಸೀರೆ ಅಂಗಡಿಯಲ್ಲಿ ಅಜ್ಜಿ ಕಾಲದ ಅಂಚು ಈಗ ಮತ್ತೆ ಬಂದಿದೆ ಅಂದರೆ ಯಾರೂ ಹುಬ್ಬು ಏರಿಸುವುದಿಲ್ಲ ಅಲ್ವಾ?

ಹಲವು ನಮೂನೆಗಳು ತಯಾರಾದವು. ಅದರಲ್ಲಿ ಗೆದ್ದದ್ದು ಬಿ-1 ಅಂತ ಗುರುತು ಹಾಕಿದ್ದ ನಮೂನೆ. ಕೊನೆಗೆ ಅದೇ ಹೆಸರಾಯಿತು: ಬಿ-ಒನ್. 1985ರ ಟೋಕಿಯೋ ಮೋಟಾರ್ ಷೋನಲ್ಲಿ ಅದನ್ನು ಇಟ್ಟಾಗ ಜನ ಮುತ್ತಿಕೊಂಡರು. ಸುತ್ತಲೂ ಮುಂದಿನ ಶತಮಾನದ ಕಾರುಗಳು, ನಡುವೆ ಒಂದು ದುಂಡು ಮುಖದ ಮಗು. ಸುಮ್ನೆ ತೋರಿಸಲು ಮಾಡಿದ್ದನ್ನು ಮಾರಲೇಬೇಕಾಯಿತು. 1987ರ ಜನವರಿಯಲ್ಲಿ ಮಾರಾಟಕ್ಕೆ ಬಂತು, 10,000 ಮಾತ್ರ. ಬಣ್ಣಗಳಿಗೆ ತರಕಾರಿ ಹೆಸರು: ಕುಂಬಳಕಾಯಿ ಹಳದಿ, ಟೊಮೇಟೊ ಕೆಂಪು, ಈರುಳ್ಳಿ ಬಿಳಿ. ನಾಲ್ಕನೆಯದಕ್ಕೆ ತರಕಾರಿ ಸಿಗಲಿಲ್ಲವೋ ಏನೋ, ಬೆಟ್ಟದ ಸೀಮೆಯ ನೀಲಿ ಅಂತಿಟ್ಟರು. (ನೀಲಿ ತರಕಾರಿ ಯಾವುದಿದೆ ಹೇಳಿ. ಬದನೆಕಾಯಿ ಅಂದರೆ ಒಪ್ಪಲ್ಲ, ಅದು ನೇರಳೆ.) ಎರಡೇ ತಿಂಗಳಿಗೆ ಎಲ್ಲದಕ್ಕೂ ಗಿರಾಕಿ ಸಿಕ್ಕಿದರು. ಸೆಕೆಂಡ್ ಹ್ಯಾಂಡ್ ಬೆಲೆ ಹೊಸದರ ಬೆಲೆ ದಾಟಿತು. ಟೋಕಿಯೋದ ಆಯೊಯಾಮದಲ್ಲಿ ಬಿ-ಒನ್ ಹೆಸರಿನ ಸಾಮಾನು ಮಾರುವ ಅಂಗಡಿಯೇ ತೆರೆಯಿತು. ಕಾರು ಸಿಗದವರು ಬ್ಯಾಗು ತಗೊಂಡು ಹೋದರು.

ಈಗ ಸ್ವಲ್ಪ ತಗಡಿನ ವಿಷಯ. ನನಗೆ ಇಷ್ಟವಾದ ಭಾಗ ಇದೇ.

ಹಳೇ ಕಾರಿನ ಹಾಗೆ ಕಾಣುವ ಕಾರು ಮಾಡುವುದು ಅಂದರೆ ಹಳೇ ಕಾರು ಮಾಡುವುದಲ್ಲ. ಅಡಿಯಲ್ಲಿ ಇರುವುದು ಅದೇ ಮಾರ್ಚ್. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 2.3 ಮೀಟರ್. ಎಂಜಿನ್ ಎಲ್ಲಿ ಕೂರಬೇಕು, ಪೆಡಲು ಎಲ್ಲಿರಬೇಕು, ಸಸ್ಪೆನ್ಷನ್ ಎಲ್ಲಿ ಬೋಲ್ಟ್ ಆಗಬೇಕು, ಇವು ಯಾವುವೂ ಅಲ್ಲಾಡುವುದಿಲ್ಲ. ಅವನ್ನು ಅಲ್ಲಾಡಿಸಿದರೆ ಖರ್ಚು ಆಕಾಶಕ್ಕೆ ಹೋಗುತ್ತದೆ, ಅಪಘಾತದ ಪರೀಕ್ಷೆಯಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ಮಾಡಬೇಕು. ಡಿಸೈನರಿಗೆ ಬಿಟ್ಟುಕೊಡುವುದು ಮೇಲಿನ ಹೊದಿಕೆ ಮಾತ್ರ. ಬೇರೆಯವರ ಅಳತೆಗೆ ಹೊಲಿದ ಅಂಗಿಯನ್ನು ಬಿಚ್ಚಿ ಹೊಸ ಫ್ಯಾಷನ್ನಿಗೆ ಹೊಲಿಯುವ ಟೈಲರ್ ಕಷ್ಟ.

ಅದೃಷ್ಟಕ್ಕೆ ಮಾರ್ಚ್ ಉದ್ದದಲ್ಲಿ ಚಿಕ್ಕದು, ಎತ್ತರಕ್ಕೆ ಇತ್ತು. ಬಾನೆಟ್ಟು ಮೇಲೆ, ಗಾಜು ಸಾಕಷ್ಟು ನೆಟ್ಟಗೆ. ಗಾಳಿ ಸೀಳುವ ಕಾಲಕ್ಕೆ ಅದು ಕೊರತೆ. ಆದರೆ ಐವತ್ತರ ದಶಕದ ಸಣ್ಣ ಕಾರುಗಳ ಮೈಕಟ್ಟು ಇದ್ದದ್ದೂ ಹೀಗೇ. ಮೂರನೇ ಬೆಂಚಿನ ಹುಡುಗನ ಮೈಗೆ ಅಜ್ಜನ ಕೋಟು ಸರಿಯಾಗಿ ಕೂತಿತು.

ಆಮೇಲೆ ಅಚ್ಚಿನ ಪ್ರಶ್ನೆ. ಉಕ್ಕಿನ ತಗಡನ್ನು ಬೇಕಾದ ಆಕಾರಕ್ಕೆ ಒತ್ತಬೇಕಾದರೆ ದೊಡ್ಡ ದೊಡ್ಡ ಉಕ್ಕಿನ ಅಚ್ಚು ಬೇಕು. ಅದಕ್ಕೆ ಸುರಿಯುವ ಹಣ ಲಕ್ಷಗಟ್ಟಲೆ ಕಾರು ಮಾರಿದರೆ ಗಿಟ್ಟುತ್ತದೆ. ಹತ್ತು ಸಾವಿರ ಕಾರಿಗೆ? ಬಿ-ಒನ್‌ನಲ್ಲಿ ಮುಂದಿನ ಮಡ್‌ಗಾರ್ಡನ್ನು ಒಂದು ಥರದ ಪ್ಲಾಸ್ಟಿಕ್‌ನಲ್ಲಿ ಮಾಡಿದರು. ತಳ್ಳಿದರೆ ಒಳಗೆ ಹೋಗಿ, ಬಿಟ್ಟರೆ ವಾಪಸ್ಸು ಬರುವಂಥದ್ದು. ಫ್ಲೆಕ್ಸ್ ಪ್ಯಾನೆಲ್ ಅಂತ ಹೆಸರು. ಅದರದ್ದೂ ತಲೆನೋವಿದೆ. ಬಿಸಿಲಿಗೆ ಪ್ಲಾಸ್ಟಿಕ್ಕು ಉಕ್ಕಿಗಿಂತ ಜಾಸ್ತಿ ಹಿಗ್ಗುತ್ತದೆ. ಎರಡೂ ಪಕ್ಕಪಕ್ಕ ಕೂತಾಗ ನಡುವಿನ ಸಂದು ಎಷ್ಟಿರಬೇಕು ಅಂತ ಲೆಕ್ಕ ಹಾಕಬೇಕು. ಎರಡರ ಮೇಲೂ ಬಣ್ಣ ಒಂದೇ ಥರ ಕಾಣಬೇಕು. ಅಂದರೆ ಕಣ್ಣಿಗೆ ಅತಿ ಹಳತಾಗಿ ಕಾಣುವ ಆ ದುಂಡನೆಯ ಮಡ್‌ಗಾರ್ಡೇ ಇಡೀ ಕಾರಿನಲ್ಲಿ ಅತಿ ಹೊಸ ವಸ್ತು. ಇದನ್ನು ಓದಿದಾಗ ನನಗೆ ನಗು ಬಂತು.

ನಿಸಾನಿನ ದೊಡ್ಡ ಫ್ಯಾಕ್ಟರಿಗೆ ಇಷ್ಟು ಚಿಲ್ಲರೆ ಲೆಕ್ಕದ ಕಾರು ಒಗ್ಗುವುದಿಲ್ಲ. ಹಾಗಾಗಿ ಜೋಡಿಸುವ ಕೆಲಸ ತಕಾಡಾ ಕೋಗ್ಯೊ ಅನ್ನುವ ಬೇರೊಂದು ಕಂಪನಿಗೆ ಹೋಯಿತು. ಈ ಇಡೀ ಸಾಹಸಕ್ಕೆ ನಿಸಾನಿನಲ್ಲಿ ಪೈಕ್ ಫ್ಯಾಕ್ಟರಿ ಅಂತ ಹೆಸರು ಬಿತ್ತು.

ಬಿ-ಒನ್ ನಂತರ 1989ರಲ್ಲಿ ಪಾವೊ. ಸಫಾರಿಗೆ ಹೊರಟ ವೇಷ. ಬಾಗಿಲಿನ ಕೀಲು ಹೊರಗೇ ಕಾಣುತ್ತದೆ, ನಮ್ಮ ಕಬ್ಬಿಣದ ಬೀರುವಿನ ಹಾಗೆ. ಕಿಟಕಿಯ ಗಾಜು ಇಳಿಯುವುದಿಲ್ಲ, ಹೊರಕ್ಕೆ ಎತ್ತಿ ನಿಲ್ಲಿಸಬೇಕು. ಈ ಸಲ ಇಷ್ಟೇ ಕಾರು ಅನ್ನಲಿಲ್ಲ, ಇಷ್ಟೇ ದಿನ ಅಂದರು. ಮೂರು ತಿಂಗಳು ಬುಕಿಂಗ್ ತೆರೆದಿಟ್ಟರು. 51,000ಕ್ಕೂ ಹೆಚ್ಚು ಜನ ಹೆಸರು ಕೊಟ್ಟರು. ಅದೇ ವರ್ಷ ಎಸ್-ಕಾರ್ಗೊ ಅಂತ ಒಂದು ಸಾಮಾನು ಸಾಗಿಸುವ ಪುಟ್ಟ ವ್ಯಾನು. ಫ್ರೆಂಚಿನಲ್ಲಿ ಎಸ್ಕಾರ್ಗೊ ಅಂದರೆ ಬಸವನಹುಳು. ವ್ಯಾನೂ ಹಾಗೇ ಇದೆ. ಅದರ ಬಗ್ಗೆ ಇದಕ್ಕಿಂತ ಹೇಳಲು ನನಗೇನೂ ಇಲ್ಲ, ನೋಡಿದರೆ ನಗು ಬರುತ್ತದೆ, ಅದೇ ಅದರ ಕೆಲಸ.

ಇದೆಲ್ಲ ನಡೆದದ್ದು ಜಪಾನಿನಲ್ಲಿ ದುಡ್ಡು ಉಕ್ಕಿ ಹರಿಯುತ್ತಿದ್ದ ಕಾಲದಲ್ಲಿ. ಭೂಮಿ ಬೆಲೆ, ಷೇರು ಬೆಲೆ ಎರಡೂ ಹುಚ್ಚು ಹಿಡಿದ ಹಾಗೆ ಏರುತ್ತಿದ್ದವು. 1989ರ ಡಿಸೆಂಬರ್ 29ರಂದು ಅಲ್ಲಿನ ನಿಕ್ಕೇ ಸೂಚ್ಯಂಕ 38,915 ಮುಟ್ಟಿತು. ಅಲ್ಲಿಂದ ಇಳಿಯಲು ಶುರು. ಮತ್ತೆ ಆ ಎತ್ತರ ದಾಟಲು 2024 ಬರಬೇಕಾಯಿತು. ಫಿಗರೋವನ್ನು ಮೊದಲು ತೋರಿಸಿದ್ದು 1989ರ ಷೋನಲ್ಲಿ, ಉತ್ಸಾಹ ತುದಿ ಮುಟ್ಟಿದ್ದಾಗ. ಮಾರಾಟಕ್ಕೆ ಬಂದಿದ್ದು 1991ರ ಫೆಬ್ರವರಿ 14ರಂದು. ಅಷ್ಟರಲ್ಲಿ ಪಾರ್ಟಿ ಮುಗಿದು ಕುರ್ಚಿ ಎತ್ತಿಡುತ್ತಿದ್ದರು. ಆದರೂ ಜನ ಬಂದರು. 8,000 ಅಂತ ಶುರುವಾದದ್ದನ್ನು 20,000ಕ್ಕೆ ಏರಿಸಿದರು. ಬೆಲೆ 18 ಲಕ್ಷ 70 ಸಾವಿರ ಯೆನ್. ಅದೂ ದುಡ್ಡು ಕೊಟ್ಟರೆ ಸಿಗುತ್ತಿರಲಿಲ್ಲ, ಲಾಟರಿ ಎತ್ತುತ್ತಿದ್ದರು. ಬಜಾಜ್ ಸ್ಕೂಟರಿಗೆ ವರ್ಷಗಟ್ಟಲೆ ಕಾದ ನಮ್ಮ ದೊಡ್ಡವರಿಗೆ ಇದು ಹೊಸದೇನಲ್ಲ. ಆದರೆ ನಮ್ಮಲ್ಲಿ ಕಾದದ್ದು ಸಾಮಾನು ಕಡಿಮೆ ಇತ್ತು ಅಂತ. ಅಲ್ಲಿ ಬೇಕೆಂದೇ ಕಡಿಮೆ ಮಾಡಿದ್ದರು.

ಕಾರಿನ ಬಣ್ಣಗಳು ನಾಲ್ಕು, ಋತುವಿಗೊಂದು. ವಸಂತಕ್ಕೆ ಪಚ್ಚೆ. ಬೇಸಿಗೆಗೆ ತಿಳಿ ನೀರಿನ ಬಣ್ಣ, ಫಿಗರೋ ಅಜ್ಜಿಯದ್ದು ಅದೇ. ಶರತ್ಕಾಲಕ್ಕೆ ಪುಷ್ಯರಾಗದ ಮಂಜು. ಚಳಿಗಾಲಕ್ಕೆ ಬೂದು.

ಒಂದು ಭಾನುವಾರ ಅಜ್ಜಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಥೇಮ್ಸ್ ನದಿ ಕಡೆ ಒಂದು ಸುತ್ತು ಹಾಕಿದರು. ಒಳಗೆ ಕೂತ ಕೂಡಲೇ ತಿಳಿಯುವುದು, ಇದನ್ನು ಮಾಡಿದವರು ಕಣ್ಣಿಗಿಂತ ಬೆರಳಿನ ಬಗ್ಗೆ ಜಾಸ್ತಿ ಯೋಚಿಸಿದ್ದಾರೆ ಅಂತ. ಸೀಟು ದಂತದ ಬಣ್ಣದ ಚರ್ಮ, ಅಂಚಿಗೆ ದಾರದ ಹಾಗೆ ಕಟ್ಟು. ಡ್ಯಾಶ್‌ಬೋರ್ಡಿನ ಮೇಲೆ ಪುಟ್ಟ ಲೋಹದ ಕಡ್ಡಿಯ ಸ್ವಿಚ್ಚುಗಳು. ಒತ್ತಿದರೆ ಟಕ್ ಅನ್ನುತ್ತದೆ. ತಿರುಗಿಸುವ ಗುಂಡಿಗಳು ಕೆನೆ ಬಣ್ಣದವು. ರೇಡಿಯೋ ನೋಡಿದರೆ ನೆಹರೂ ಭಾಷಣ ಬರಬೇಕು, ಆದರೆ ಅದು ಸಿಡಿ ಹಾಕುತ್ತದೆ. ಎಸಿ ಇದೆ, ಪವರ್ ಸ್ಟೀರಿಂಗ್ ಇದೆ, ಗುಂಡಿ ಒತ್ತಿದರೆ ಗಾಜು ಇಳಿಯುತ್ತದೆ. ಅಜ್ಜನ ವೇಷ, ಮೊಮ್ಮಗನ ಸುಖ.

ಟಾಪು ತೆಗೆಯುವ ರೀತಿ ನೋಡಿ ನನಗೆ ಖುಷಿಯಾಯಿತು. ಟಾಪು ಮಡಚುವ ಕಾರುಗಳಲ್ಲಿ ಸಾಮಾನ್ಯವಾಗಿ ಮೇಲಿನದ್ದೆಲ್ಲ ಹೋಗಿಬಿಡುತ್ತದೆ. ಮುಚ್ಚಳ ಇಲ್ಲದ ಶೂ ಡಬ್ಬಿ ಹೇಗೆ ಸೊಟ್ಟ ಆಗುತ್ತದೋ ಹಾಗೆ ಕಾರಿನ ಮೈಯೂ ತಿರುಚಿಕೊಳ್ಳುತ್ತದೆ. ಅದಕ್ಕೆ ಅಡಿಯಲ್ಲಿ ಇನ್ನಷ್ಟು ಉಕ್ಕು ಸೇರಿಸಬೇಕು, ತೂಕ ಏರುತ್ತದೆ. ಫಿಗರೋದಲ್ಲಿ ಕಿಟಕಿಯ ಮೇಲಿನ ಪಟ್ಟಿ, ಕಂಬಗಳು ಅಲ್ಲೇ ಇರುತ್ತವೆ. ನಡುವಿನ ಟಾಪು ಮಾತ್ರ ಹಿಂದಕ್ಕೆ ಸರಿದು ಕೂರುತ್ತದೆ. ಮೈ ಗಟ್ಟಿಯಾಗೇ ಉಳಿಯುತ್ತದೆ. ತೂಕ 810 ಕಿಲೋ ಅಷ್ಟೇ. ಆ ಪುಟ್ಟ 987 ಸಿಸಿ ಎಂಜಿನ್ನಿಗೆ ಅದೂ ಭಾರವೇ, ಅದಕ್ಕೇ ಇದರಲ್ಲಿ ಟರ್ಬೊ ಹಾಕಿದ್ದಾರೆ, 76 ಕುದುರೆ ಶಕ್ತಿ. ಗೇರು ಆಟೊಮ್ಯಾಟಿಕ್, ಮೂರೇ. ಬೆಟ್ಟ ಹತ್ತುವಾಗ ಅದು ಹಾಡುವುದಿಲ್ಲ, ಗೊಣಗುತ್ತದೆ. ಹಿಂದಿನ ಸೀಟಿನಲ್ಲಿ ಮನುಷ್ಯರು ಕೂರಲಾಗದು, ತರಕಾರಿ ಚೀಲ ಕೂರಬಹುದು. ಸಿಗ್ನಲ್ಲಿನಲ್ಲಿ ನಿಂತಾಗ ಒಬ್ಬ ಲಾರಿ ಡ್ರೈವರ್ ಕೈ ಬೀಸಿದ. ನಮ್ಮನ್ನಲ್ಲ, ಕಾರನ್ನು ನೋಡಿ.

ಜಪಾನಿನಲ್ಲಿ ಮಾರಲು ಮಾತ್ರ ಮಾಡಿದ ಕಾರು ಇಲ್ಲಿಗೆ ಹೇಗೆ ಬಂತು ಅಂದರೆ, ಎರಡೂ ದೇಶದಲ್ಲಿ ಸ್ಟೀರಿಂಗ್ ಬಲಗಡೆ. ಜಪಾನಿನಲ್ಲಿ ಕಾರಿನ ಸರ್ಕಾರಿ ತಪಾಸಣೆ ದುಬಾರಿ. ಹಳತಾದ ಕಾರನ್ನು ಇಟ್ಟುಕೊಳ್ಳುವುದಕ್ಕಿಂತ ಹೊರಗೆ ಮಾರುವುದು ಸಲೀಸು. ಹಾಗೆ ಹಡಗು ಹತ್ತಿ ಬಂದವು. ಈಗ ಇಂಗ್ಲೆಂಡಿನ ಯಾವ ಊರಿನಲ್ಲಾದರೂ ಒಂದು ಕಣ್ಣಿಗೆ ಬೀಳುತ್ತದೆ.

ಸುತ್ತು ಮುಗಿಸಿ ಬಂದಮೇಲೆ ವಿಡಿಯೋ ಕಾಲ್ ಮಾಡಿ ಅಪ್ಪನಿಗೆ ಕಾರು ತೋರಿಸಿದೆ. ಹೊರಗೆ ತೋರಿಸಿದಾಗ "ಚೆನ್ನಾಗಿದೆ ಕಣೋ" ಅಂದರು. ಬಾಗಿಲು ತೆಗೆದು ಡ್ಯಾಶ್‌ಬೋರ್ಡು ತೋರಿಸಿದಾಗ ಸುಮ್ಮನಾದರು. ಕನ್ನಡಕ ಹಾಕಿಕೊಂಡು ಬಂದರು.

"ಇದನ್ನ ಎಲ್ಲೋ ನೋಡಿದೀನಲ್ಲೋ."

"ನೀವು ನೋಡಿರೋಕೆ ಸಾಧ್ಯನೇ ಇಲ್ಲ ಅಪ್ಪ."

"ಆ ಗುಂಡಿ ಸ್ವಲ್ಪ ಹತ್ರ ತೋರಿಸು. ಹಾಂ. ಇದು ನಮ್ಮಮ್ಮನ ಮನೆ ರೇಡಿಯೋ. ಅಡುಗೆಮನೆ ಗೋಡೆ ಮೇಲೆ ಹಲಗೆ ಹೊಡೆದು ಇಟ್ಟಿದ್ವಿ. ಅದರ ಗುಂಡಿ ಹೀಗೇ ಇತ್ತು, ಹೀಗೇ ಹಳದಿಗೆ ತಿರುಗಿತ್ತು."

ನಾನು ತಿಂಗಳುಗಟ್ಟಲೆ ಹುಡುಕಿದ ಅಜ್ಜ ಅಲ್ಲಿದ್ದ. ಕಾರುಗಳ ಫೋಟೋದಲ್ಲಿ ಅಲ್ಲ, ಅಡುಗೆಮನೆ ಹಲಗೆ ಮೇಲೆ. ಫಿಗರೋ ಯಾವ ಹಳೇ ಕಾರಿನ ನಕಲೂ ಅಲ್ಲ. ಅದರ ಗುಂಡಿಗಳು ರೇಡಿಯೋದ ನೆಂಟರು, ಕೆನೆ ಬಣ್ಣ ಹಳೇ ಫ್ರಿಜ್ಜಿನದ್ದು, ಬೆಳ್ಳಿ ಅಂಚು ಕ್ಯಾಮೆರಾದ್ದು. ಸಕಾಯ್ ಅವರೇ 1988ರಲ್ಲಿ ಒಲಿಂಪಸ್ ಕಂಪನಿಗೆ ಒ-ಪ್ರಾಡಕ್ಟ್ ಅನ್ನುವ ಅಲ್ಯುಮಿನಿಯಂ ಮೈಯ ಕ್ಯಾಮೆರಾ ಮಾಡಿಕೊಟ್ಟಿದ್ದರು, ಅದೂ 20,000 ಮಾತ್ರ. ಅದನ್ನು ಬಿ-ಒನ್ ಪಕ್ಕ ಇಟ್ಟು ನೋಡಿದರೆ ಅಣ್ಣತಮ್ಮಂದಿರು. ಕಾರಿನ ಇತಿಹಾಸ ಗೊತ್ತಿಲ್ಲದ ನನ್ನಂಥವನಿಗೂ ಇದು ತಾಗುವುದು ಅದಕ್ಕೇ ಇರಬೇಕು. ಕಾರು ಇರಲಿಲ್ಲ ನಿಜ. ತಿರುಗಿಸುವ ಗುಂಡಿ ಎಲ್ಲರ ಮನೆಯಲ್ಲೂ ಇತ್ತು.

ಅಜ್ಜ ಇರುವ ಕಾರುಗಳ ಕಷ್ಟವೇ ಬೇರೆ. ಫೋಕ್ಸ್‌ವ್ಯಾಗನ್ 1994ರಲ್ಲಿ ಹಳೇ ಬೀಟಲ್‌ನ ಹೊಸ ರೂಪ ತೋರಿಸಿತು. ಜೆ. ಮೇಸ್, ಫ್ರೀಮನ್ ಥಾಮಸ್ ಕ್ಯಾಲಿಫೋರ್ನಿಯಾದಲ್ಲಿ ಬರೆದದ್ದು. ಹಳೇ ಬೀಟಲ್‌ಗೆ ಎಂಜಿನ್ ಹಿಂದೆ. ಮಾರಾಟಕ್ಕೆ ಬಂದ ಹೊಸದರ ಅಡಿಯಲ್ಲಿ ಇದ್ದದ್ದು ಗಾಲ್ಫ್, ಅದರ ಎಂಜಿನ್ ಮುಂದೆ. ಆ ಕಮಾನು ಬರಬೇಕೆಂದು ಮುಂದಿನ ಗಾಜನ್ನು ಎಷ್ಟು ಮುಂದಕ್ಕೆ ಎಳೆದರೆಂದರೆ, ಡ್ಯಾಶ್‌ಬೋರ್ಡು ಮನೆ ಮುಂದಿನ ಜಗಲಿಯಷ್ಟು ಅಗಲವಾಯಿತು. ಅಲ್ಲೊಂದು ಹೂದಾನಿಯನ್ನೂ ಇಟ್ಟರು. ನಮ್ಮಲ್ಲಾದರೆ ಹೂ ಗಣಪತಿಗೆ ಇಡುತ್ತಿದ್ದೆವು.

ಫಿಯೆಟ್ 500 ಇದನ್ನು ಇನ್ನೂ ಜಾಣತನದಿಂದ ಮಾಡಿತು ಅಂತ ನನ್ನ ಲೆಕ್ಕ. ಹಳೇ 500 ಬಂದಿದ್ದು 1957ರ ಜುಲೈ 4ರಂದು. ಡಾಂಟೆ ಜಿಯಕೋಸಾ ಮಾಡಿದ್ದು, ಮೂರು ಮೀಟರೂ ಉದ್ದ ಇಲ್ಲ. ಸರಿಯಾಗಿ ಐವತ್ತು ವರ್ಷಕ್ಕೆ, 2007ರ ಜುಲೈ 4ರಂದು, ಟ್ಯೂರಿನ್ನಿನಲ್ಲಿ ಹೊಸದನ್ನು ಬಿಟ್ಟರು. ಅಡಿಯಲ್ಲಿ ಪಾಂಡಾ. ಉದ್ದ 3.55 ಮೀಟರಿಗೆ ಬೆಳೆದಿತ್ತು. ಹಳೆಯದರ ಮುಖದಲ್ಲಿ ಗಾಳಿ ಜಾಲರಿಯೇ ಇರಲಿಲ್ಲ, ಎಂಜಿನ್ ಹಿಂದೆ ಇದ್ದದ್ದರಿಂದ ಬೇಕಾಗಿರಲಿಲ್ಲ. ಮೂಗಿನ ಮೇಲೆ ಒಂದು ಹೊಳೆಯುವ ಮೀಸೆ ಮಾತ್ರ. ಹೊಸದಕ್ಕೆ ಉಸಿರಾಡಲು ಜಾಗ ಬೇಕು. ರೊಬೆರ್ತೊ ಜಿಯೊಲಿತೊ 2004ರಲ್ಲಿ ತೋರಿಸಿದ ಮಾದರಿಯಿಂದ ಹುಟ್ಟಿದ ಈ ಕಾರು ಮೀಸೆಯನ್ನು ಹಾಗೇ ಉಳಿಸಿ, ಉಸಿರಾಟದ ಬಾಯನ್ನು ಕೆಳಗೆ ಬಂಪರಿಗೆ ಇಳಿಸಿತು. ಮೀಸೆ ಬೋಳಿಸಿದ್ದರೆ ಯಾರೂ ಗುರುತು ಹಿಡಿಯುತ್ತಿರಲಿಲ್ಲ. ಮಿನಿ ಬಗ್ಗೆ ಬರೆಯಲು ಹೋಗುವುದಿಲ್ಲ. ಅಲೆಕ್ ಇಸಿಗೋನಿಸ್ 1959ರಲ್ಲಿ ಮೂರು ಮೀಟರಿಗೆ ಹಿಡಿಸಿದ್ದನ್ನು ಬಿಎಂಡಬ್ಲ್ಯು ಪ್ರತಿ ಸಲ ಇನ್ನಷ್ಟು ಉಬ್ಬಿಸುತ್ತಿದೆ, ಹೆಸರು ಮಾತ್ರ ಇನ್ನೂ ಮಿನಿ.

ಅಜ್ಜ ಇದ್ದರೆ ಜನ ಪಕ್ಕಕ್ಕೆ ನಿಲ್ಲಿಸಿ ನೋಡುತ್ತಾರೆ. ಇದು ನನಗೆ ಮನೆಯಲ್ಲೇ ಗೊತ್ತಾದ ವಿಷಯ.

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ 1961ರಿಂದ 1996ರ ತನಕ ಮೊದಲು ಜಾವಾ, ಆಮೇಲೆ ಯೆಜ್ಡಿ ತಯಾರಾಗುತ್ತಿದ್ದವು. 2018ರ ನವೆಂಬರಿನಲ್ಲಿ ಜಾವಾ ಹೊಸದಾಗಿ ಬಂತು. ಮುಂದಿನ ಸಲ ಊರಿಗೆ ಹೋದಾಗ ಅಪ್ಪನನ್ನು ಕರೆದುಕೊಂಡು ಷೋರೂಮಿಗೆ ಹೋದೆ. ಚೆಂದದ ಗಾಡಿ. ಆ ಟ್ಯಾಂಕು, ಎರಡು ಕಡೆ ಎರಡು ಸೈಲೆನ್ಸರು, ಎಲ್ಲ ಹಾಗೇ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು ಯಾಕೆ ಅಂತ ಕೇಳುವ ಹಾಗಿಲ್ಲ, ಹಳೆಯದಕ್ಕೂ ಹಾಗೇ ಇತ್ತು. ಎಂಜಿನ್ ತಂಪು ಮಾಡುವುದು ಈಗ ನೀರು. ಆದರೂ ಗಾಳಿಗೆ ತಂಪಾಗುತ್ತಿದ್ದ ಕಾಲದ ರೆಕ್ಕೆಗಳನ್ನು ಎಂಜಿನ್ ಮೇಲೆ ಉಳಿಸಿದ್ದಾರೆ. ಅಪ್ಪ ಹತ್ತಿ ಕೂತರು. ಕೂತ ಕೂಡಲೇ ಎಡಗಾಲು ತನ್ನಷ್ಟಕ್ಕೆ ಕೆಳಗೆ ಹೋಗಿ ಏನನ್ನೋ ತಡಕಿತು. ಯೆಜ್ಡಿಯಲ್ಲಿ ಕಿಕ್ಕರು, ಗೇರು ಎರಡಕ್ಕೂ ಒಂದೇ ಕಡ್ಡಿ, ಎಡಗಡೆ. ಅದನ್ನು ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರು, ಕೆಳಗಿಳಿಸಿದರೆ ಗೇರು. ನಲವತ್ತು ವರ್ಷದ ಅಭ್ಯಾಸ. ಇಲ್ಲಿ ಅದಿಲ್ಲ. ಗುಂಡಿ ಒತ್ತಿದರೆ ಸಾಕು.

ಅಪ್ಪ ಇಳಿದು ಟ್ಯಾಂಕನ್ನು ಒಮ್ಮೆ ಸವರಿದರು. "ಒಳ್ಳೇ ಗಾಡಿ. ನನ್ನ ಗಾಡಿ ಅಲ್ಲ, ಅಷ್ಟೇ" ಅಂದರು. ಹೊಗೆ ಇಲ್ಲದ್ದು, ಬ್ರೇಕು ಹಿಡಿಯುವುದು, ಒದೆಯದೆ ಸ್ಟಾರ್ಟ್ ಆಗುವುದು, ಎಲ್ಲ ಹೊಸದರಲ್ಲೇ ಚೆನ್ನಾಗಿದೆ. ಗಾಡಿಯದ್ದು ತಪ್ಪೇನಿಲ್ಲ. ಅಪ್ಪನ ಕಾಲಿನಲ್ಲಿ ಅಸಲಿ ಇನ್ನೂ ಕೂತಿದೆ, ಅದು ಒಪ್ಪುವುದಿಲ್ಲ. ಫಿಗರೋಗೆ ಈ ಪರೀಕ್ಷೆ ಇಲ್ಲ. ಯಾರ ಕಾಲೂ ಅದರಲ್ಲಿ ಏನನ್ನೂ ತಡಕುವುದಿಲ್ಲ.

ಹಾಗಂತ ನಿಸಾನಿನವರು ಮಾಡಿದ್ದು ಸುಲಭದ ದಾರಿ ಅಂತ ಅಲ್ಲ. ಹಳೇ ಕಾರನ್ನು ನೋಡಿ ಬರೆಯುವವರಿಗೆ ಎಲ್ಲಿ ನಿಲ್ಲಬೇಕು ಅಂತ ಹಳೇ ಕಾರೇ ಹೇಳುತ್ತದೆ. ಇವರಿಗೆ ಹೇಳುವವರು ಯಾರೂ ಇರಲಿಲ್ಲ. ಸ್ವಲ್ಪ ಜಾಸ್ತಿ ಹೊಳಪು ಹಾಕಿದ್ದರೆ ಮದುವೆ ಮಂಟಪದ ಕುರ್ಚಿ ಆಗುತ್ತಿತ್ತು. ಬಿ-ಒನ್ ನನಗೆ ಫಿಗರೋಗಿಂತ ಒಂದು ತೂಕ ಹೆಚ್ಚು ಇಷ್ಟ, ಅದು ಅಲ್ಲೇ ನಿಂತಿತು. ಫಿಗರೋ ಒಂದು ಹೆಜ್ಜೆ ಮುಂದೆ ಹೋಗಿದೆ, ಕ್ರೋಮ್ ಪಟ್ಟಿ ಒಂದೆರಡು ಕಡಿಮೆ ಇದ್ದರೂ ನಡೆಯುತ್ತಿತ್ತು. ಇದನ್ನು ಅಜ್ಜಿಯ ಮುಂದೆ ಹೇಳಿಲ್ಲ.

ಹೋದ ವರ್ಷ ಅಕ್ಟೋಬರಿನಲ್ಲಿ ಅಜ್ಜಿಯ ಕಾರು ಎಂಒಟಿ ಪರೀಕ್ಷೆಯಲ್ಲಿ ಫೇಲಾಯಿತು. ಗಾಡಿ ರಸ್ತೆಗೆ ಇಳಿಯುವ ಸ್ಥಿತಿಯಲ್ಲಿದೆಯೇ ಅಂತ ನೋಡುವ ಪರೀಕ್ಷೆ ಇದು, ಇಲ್ಲಿ ಹಳೇ ಗಾಡಿಗಳಿಗೆ ಪ್ರತಿ ವರ್ಷ. ಬಾಗಿಲಿನ ಕೆಳಗಿನ ಉಕ್ಕಿನ ಪಟ್ಟಿಗೆ ತುಕ್ಕು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುತ್ತಾರೆ, ಮೂವತ್ತು ವರ್ಷ ದಾಟಿದ ತಗಡು, ಇನ್ನೇನಾಗುತ್ತದೆ. ಗ್ಯಾರೇಜಿನವನು ನನಗೂ ಬಗ್ಗಿ ನೋಡಲು ಟಾರ್ಚು ಕೊಟ್ಟ. ಚೆಂದದ ಹೊದಿಕೆ ಕೆಳಗೆ ಅದೇ ಮೂರನೇ ಬೆಂಚಿನ ಮಾರ್ಚ್, ಕಪ್ಪಗೆ, ಎಣ್ಣೆಮಸಿ ಹಿಡಿದು, ಮಾತಿಲ್ಲದೆ ಎಲ್ಲವನ್ನೂ ಹೊತ್ತು ನಿಂತಿತ್ತು. ಮುಂದಿನ ದುಂಡು ಮಡ್‌ಗಾರ್ಡಿಗೆ ಒಂದು ಚುಕ್ಕಿ ತುಕ್ಕಿಲ್ಲ. ಅದು ಪ್ಲಾಸ್ಟಿಕ್ಕು.

ಬ್ರಿಟನ್ನಿನಲ್ಲಿ ನಲವತ್ತು ವರ್ಷ ತುಂಬಿದ ಗಾಡಿಗೆ, ಹೆಚ್ಚು ಬದಲಾವಣೆ ಮಾಡಿರದಿದ್ದರೆ, ರಸ್ತೆ ತೆರಿಗೆಯೂ ಇಲ್ಲ, ಎಂಒಟಿಯೂ ಇಲ್ಲ. ಸರ್ಕಾರದ ಲೆಕ್ಕದಲ್ಲಿ ಅದು ಐತಿಹಾಸಿಕ ವಾಹನ. 1991ರಲ್ಲಿ ನಲವತ್ತು ವರ್ಷದ ಹಳೇ ವೇಷ ಹಾಕಿಕೊಂಡು ಬಂದ ಕಾರಿಗೆ 2031ರಲ್ಲಿ ನಿಜಕ್ಕೂ ನಲವತ್ತು ತುಂಬುತ್ತದೆ. ಅಜ್ಜಿಗೆ ಇದು ಬಾಯಿಪಾಠ. "ಇನ್ನು ಕೆಲವೇ ವರ್ಷ" ಅಂತ ಗ್ಯಾರೇಜಿನವನಿಗೆ ಹೇಳಿದರು. ಕಾರಿಗೆ ಧೈರ್ಯ ಹೇಳಿದ ಹಾಗಿತ್ತು.

ಕೊಳೆತ ಪಟ್ಟಿ ಕತ್ತರಿಸಿ ಹೊಸ ತಗಡು ಬೆಸುಗೆ ಹಾಕಿದರು. ಉಳಿದದ್ದು ಬಣ್ಣ. ಬಣ್ಣದವನು ಡಬ್ಬಿ ಹಿಡಿದುಕೊಂಡು ಬಂದು ಅಜ್ಜಿಯನ್ನು ಕೇಳಿದ. ಕಂಪನಿಯ ನಂಬರಿನ ಪ್ರಕಾರ ಕಲಸಿದ ಬಣ್ಣ ಇದು, 1991ರಲ್ಲಿ ಕಾರು ಹೊರಬಿದ್ದಾಗ ಹೀಗೇ ಇತ್ತು. ಈಗ ಬಿಸಿಲಿಗೆ ಬಾಗಿಲು ಮಾಸಿದೆ, ಪಕ್ಕಪಕ್ಕ ಬಂದರೆ ತೇಪೆ ಕಾಣುತ್ತದೆ. ಇಡೀ ಪಕ್ಕಕ್ಕೆ ಹೊಸ ಬಣ್ಣ ಹೊಡೆದುಬಿಡಲಾ?

"ಬೇಡ," ಅಂದರು ಅಜ್ಜಿ. "ಹೊಸದನ್ನೇ ಹಳೆಯದು ಮಾಡು."

ಆತ ಡಬ್ಬಿಗೆ ಒಂದು ಹನಿ ಬಿಳಿ, ಒಂದು ಹನಿ ಬೂದು ಹಾಕಿ ಕಲಸಿದ. ಕಡ್ಡಿಯಲ್ಲಿ ಅದ್ದಿ ಬಾಗಿಲಿನ ಪಕ್ಕ ಹಿಡಿದು ನೋಡಿದ. ತಲೆ ಅಲ್ಲಾಡಿಸಿ, ಇನ್ನೊಂದು ಹನಿ ಬೂದು ಹಾಕಿದ.